ಮೇಷ್ಟ್ರ ಆಲ್ಟೊ ಸ್ಯಾಕ್ಸೋಫೋನ್ ನುಡಿಯುವಂತೆ ಮಾಡಿದವರಿಗೆ

ತೀರಿಕೊಂಡ ನಮ್ಮ ಸ್ಯಾಕ್ಸೋಫೋನ್ ಮೇಷ್ಟ್ರ ನೆನಪಿನ ಶನಿವಾರದ ಕಾರ್ಯಕ್ರಮ ಮುಗಿದು ನಾಲ್ಕು ದಿನವಾಯಿತು. ಕೃತಜ್ಞತೆ ಹೇಳಬೇಕಾದವರು ತುಂಬ ಜನ ಇದ್ದಾರೆ, ಆದರೆ ಈ ಬರಹದ ದೊಡ್ಡ ಪಾಲು ಒಬ್ಬರಿಗೇ ಸಲ್ಲಬೇಕು. ಶುಕ್ರವಾರ ರಾತ್ರಿ ಜೊತೆಗಿದ್ದ ಯಾರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ ರಿಪೇರಿ ಅಣ್ಣ.

ಮಳೆಗಾಲದಲ್ಲಿ ಏನಾಯಿತು, ಮೇಷ್ಟ್ರು ಹೇಗೆ ಹೋದರು ಎಂಬುದು ಇದನ್ನು ಓದುವವರಿಗೆಲ್ಲ ಗೊತ್ತು. ಅವರು ಬರೆದಿಟ್ಟ ಕ್ರಮದಲ್ಲೇ ಕಾರ್ಯಕ್ರಮ ನಡೆಯಬೇಕೆಂಬುದೊಂದೇ ಎಲ್ಲರ ಮಾತಾಗಿತ್ತು. ವಿಷಯ, ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ನಡೆದು ಬಂದ ದಾರಿ. 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಹುಟ್ಟಿ, ಅಮೆರಿಕದ ಬೌಲ್ಡರ್‌ನಲ್ಲಿ ಬೆಳೆದ, ಕರ್ನಾಟಕ ಮೂಲದ ತಂದೆತಾಯಿಯ ಮಗ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಜಾಝ್ ಕಲಿಯುತ್ತಿದ್ದಾಗ ಅವರ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ಕೊಟ್ಟರು. ಅದು ನಮ್ಮ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ, ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್.

ಮಹಂತಪ್ಪನವರ 2004ರ ಆಲ್ಬಮ್ ‘ಮದರ್ ಟಂಗ್’ ಹುಟ್ಟಿದ್ದು ‘ನೀವು ಇಂಡಿಯನ್ ಭಾಷೆ ಮಾತಾಡುತ್ತೀರಾ’ ಎಂಬ ಪ್ರಶ್ನೆಯಿಂದ. ಅದಕ್ಕೆ ಬೇರೆ ಬೇರೆ ಭಾಷೆಗಳಲ್ಲಿ ಬಂದ ಉತ್ತರಗಳನ್ನು ಮುದ್ರಿಸಿಕೊಂಡು, ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿದ್ದಾರೆ. ‘ಕನ್ನಡ’ ಎಂಬ ಹೆಸರಿನ ರಚನೆಯೂ ಅದರಲ್ಲಿದೆ. 2006ರ ‘ಕೋಡ್‌ಬುಕ್’ಗೆ ಗುಪ್ತಲಿಪಿಯ ಗಣಿತ ಮೂಲ. 2015ರ ‘ಬರ್ಡ್ ಕಾಲ್ಸ್’ ಜಾಝ್‌ನ ಹಿರಿಯ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್‌ಗೆ ಸಲ್ಲಿಸಿದ ಗೌರವ. 2016ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗ ಅವರ ಕೈಯಲ್ಲಿದೆ. ಇವೆಲ್ಲದರ ನಡುವೆ 2008ರ ‘ಕಿನ್ಸ್‌ಮೆನ್’. ಗೋಪಾಲನಾಥರೂ ಮಹಂತಪ್ಪನವರೂ ಆಲ್ಟೊ, ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ಜೊತೆಗೆ ಗಿಟಾರ್, ಬಾಸ್, ಡ್ರಮ್ಸ್. ದೊಡ್ಡ ರಚನೆಗಳ ಮಧ್ಯೆ ಪಿಟೀಲಿಗೂ ಗಿಟಾರ್‌ಗೂ ಬಾಸ್‌ಗೂ ಪ್ರತ್ಯೇಕವಾಗಿ ಒಂದೊಂದು ಪುಟ್ಟ ಆಲಾಪವಿದೆ. ತಂಡ ನಡೆಸುವುದು ಅಂದರೇನು ಎಂದು ಕೇಳಿದ ಹುಡುಗರಿಗೆ ಮೇಷ್ಟ್ರು ಅದನ್ನೇ ಕೇಳಿಸುತ್ತಿದ್ದರು. ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಇಲ್ಲೇ ಗಿಟಾರ್‌ನ ತಮ್ಮನಿಗೆ ಥ್ಯಾಂಕ್ಸ್ ಹೇಳಿಬಿಡಬೇಕು. ಆಲ್ಟೊ ‘ಈ ಫ್ಲಾಟ್’ (E♭) ವಾದ್ಯ. ಊದುವವರು ‘ಸಿ’ ಎಂದು ಹಿಡಿದದ್ದು ಕಿವಿಗೆ ಈ ಫ್ಲಾಟ್ ಆಗಿ, ಅಂದರೆ ಎರಡೂವರೆ ಮನೆಯಾಗಿ ಬೀಳುತ್ತದೆ. ಷಡ್ಜವನ್ನು ಅಲ್ಲಿಟ್ಟರೆ ಕಲ್ಯಾಣಿಗೆ ಆಲ್ಟೊದಲ್ಲಿ ಬೇಕಾಗುವ ಶಾರ್ಪ್ ಒಂದೇ, ಪ್ರತಿ ಮಧ್ಯಮದ ಎಫ್ ಶಾರ್ಪ್. ಬೆರಳಿಗೆ ಸಲೀಸು, ಗಮಕಕ್ಕೂ ಅನುಕೂಲ. ಆದರೆ ಗಿಟಾರ್‌ಗೆ ಅದೇ ರಾಗ ಈ ಫ್ಲಾಟ್, ಎಫ್, ಜಿ, ಎ, ಬಿ ಫ್ಲಾಟ್, ಸಿ, ಡಿ. ಖಾಲಿ ತಂತಿಯಲ್ಲಿ ಷಡ್ಜವೂ ಸಿಗದು, ಪಂಚಮವೂ ಸಿಗದು. ಶ್ರುತಿ ಬದಲಿಸಿ ಎಂದು ಒಂದು ಮಾತೂ ಕೇಳದೆ ಅವನು ಎಲ್ಲವನ್ನೂ ಹೊಸದಾಗಿ ಕೂಡಿಸಿಕೊಂಡ.

ಈಗ ರಿಪೇರಿ ಅಣ್ಣ.

ಮೇಷ್ಟ್ರ ಆಲ್ಟೊ ಜೂನ್‌ನಿಂದ ಪೆಟ್ಟಿಗೆಯೊಳಗಿತ್ತು. ಮಂಗಳೂರಿನ ಮಳೆಗಾಲದಲ್ಲಿ ಮುಚ್ಚಿಟ್ಟ ವಾದ್ಯ ಏನಾಗುತ್ತದೋ ಅದೇ ಆಗಿತ್ತು. ಆಲ್ಟೊದಲ್ಲಿ ತೂತು ಮುಚ್ಚುವ ಪ್ಯಾಡ್‌ಗಳು 25ರ ಆಸುಪಾಸು: ರಟ್ಟಿನ ಮೇಲೆ ಉಣ್ಣೆಯ ಫೆಲ್ಟ್, ಅದರ ಮೇಲೆ ತೆಳು ಚರ್ಮ. ತೇವ ಕುಡಿದರೆ ಉಬ್ಬುತ್ತವೆ, ಒಣಗಿದಾಗ ಮೊದಲಿನ ಆಕಾರಕ್ಕೆ ಬರುವುದಿಲ್ಲ. ತೀರ ಕೆಳಗಿನ ಸಿ ಶಾರ್ಪ್, ಬಿ, ಬಿ ಫ್ಲಾಟ್ ಸ್ವರಗಳು ಗೊರಗೊರ ಎನ್ನುತ್ತಿದ್ದವು. ಎಲ್ಲರ ಅನುಮಾನ ಬಾಯಗಲದ ಕೊಳವೆಯ ಮೇಲಿನ ದೊಡ್ಡ ಪ್ಯಾಡ್‌ಗಳ ಮೇಲೆ. ಅಣ್ಣ ಅವನ್ನು ಮುಟ್ಟಲೇ ಇಲ್ಲ. ದೀಪ ಆರಿಸಿ, ಎಲ್‌ಇಡಿ ಸರವನ್ನು ವಾದ್ಯದೊಳಕ್ಕೆ ಇಳಿಸಿ, ಒಂದೊಂದೇ ಕೀ ಒತ್ತುತ್ತ ಹೋದರು. ಬಲಗೈಯ ಕೀಗಳನ್ನು ಒತ್ತಿ ಹಿಡಿದು ಕೆಳಗಿನ ಬಿ ಕೀ ಒತ್ತಿದಾಗ ಮಾತ್ರ ಜಿ ಶಾರ್ಪ್ ಪ್ಯಾಡ್‌ನ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು.

ಬಲಗೈ ಬೆರಳು ಒತ್ತಿದಾಗ ಮುಚ್ಚಿಕೊಳ್ಳುವ ಎಫ್ ಶಾರ್ಪ್ ಕೀಯ ತೋಳಿನ ಮೇಲೆ ಎರಡು ಸಣ್ಣ ತಿರುಪುಗಳಿರುತ್ತವೆ. ಒಂದು ಜಿ ಶಾರ್ಪ್ ಪ್ಯಾಡನ್ನು ಮುಚ್ಚಿ ಹಿಡಿಯಲು, ಇನ್ನೊಂದು ಮೇಲಿನ ಸಣ್ಣ ಬಿ ಫ್ಲಾಟ್ ಪ್ಯಾಡನ್ನು ಹಿಡಿಯಲು. ತಿರುಪಿನ ಕೆಳಗಿನ ಕಾರ್ಕ್ ಒಣಗಿ ಉದುರಿತ್ತು. ತೀರ ಕೆಳಗಿನ ಆ ಸ್ವರಗಳ ಕೀ ಒತ್ತಿದಾಗ ಜಿ ಶಾರ್ಪ್ ಕೀಯೂ ಜೊತೆಗೇ ಇಳಿಯುತ್ತದೆ, ಆಗ ಪ್ಯಾಡ್ ತೆರೆಯದಂತೆ ಹಿಡಿಯುವುದು ಈ ತೋಳು, ಅದಕ್ಕೇ ಒಂದು ಚೂರು ಕಾರ್ಕ್ ಹೋದರೆ ಆ ಸ್ವರಗಳೆಲ್ಲ ಹೋಗುತ್ತವೆ. ಹೊಸ ಕಾರ್ಕ್ ಅಂಟಿಸುವುದು ಸುಲಭ, ತಿರುಪು ಕೂರಿಸುವುದು ಕಷ್ಟ. ಸಡಿಲವಾದರೆ ಜಿ ಶಾರ್ಪ್ ಸೋರುತ್ತದೆ, ಕಾಲು ಸುತ್ತು ಹೆಚ್ಚಾದರೆ ಎಫ್ ಶಾರ್ಪ್‌ನ ಪ್ಯಾಡೇ ಕೂರುವುದಿಲ್ಲ. ಸಿಗರೇಟ್ ಕಾಗದದ ಪಟ್ಟಿಗಳನ್ನು ಮೂರೂ ಪ್ಯಾಡ್‌ಗಳ ಕೆಳಗಿಟ್ಟು ಎಳೆಯುತ್ತ, ಮೂರರಲ್ಲೂ ಒಂದೇ ಬಿಗಿ ಸಿಗುವವರೆಗೆ ಅವರು ಬಿಡಲಿಲ್ಲ.

ಆಮೇಲೆ ಕೆಳಗಿನ ಈ ಫ್ಲಾಟ್ ಪ್ಯಾಡ್. ವಾದ್ಯದ ಬಾಗಿನಲ್ಲಿ ಎಂಜಲು ನೀರು ನಿಲ್ಲುವುದರಿಂದ ಬಹಳ ಸಲ ಮೊದಲು ಕೊಳೆಯುವುದು ಅದೇ. ಹಳೆಯದನ್ನು ಕಿತ್ತು, ಪ್ಯಾಡ್ ಕೂರುವ ಬಟ್ಟಲಿಗೆ ಅರಗು ಹಾಕಿ, ಸ್ಪಿರಿಟ್ ದೀಪದಿಂದ ಹಿಂಬದಿ ಬಿಸಿ ಮಾಡಿ, ಅರಗು ಮೆತ್ತಗಿರುವಾಗಲೇ ಪ್ಯಾಡನ್ನು ತೂತಿಗೆ ಸಮವಾಗಿ ಕೂರಿಸಿದರು. ಬಿಸಿ ಹೆಚ್ಚಾದರೆ ಮೆರುಗು ಸುಡುತ್ತದೆ, ಚರ್ಮವೂ ಸುಕ್ಕಾಗುತ್ತದೆ.

ಹನ್ನೆರಡು ದಾಟಿದ ಮೇಲೆ ತುಕ್ಕು ತಿಂದ ಒಂದು ಸ್ಪ್ರಿಂಗ್ ಮುರಿಯಿತು. ಆ ಹೊತ್ತಿನಲ್ಲಿ ಹೊಸದು ಎಲ್ಲಿ ಸಿಗಬೇಕು? ಮನೆಯಿಂದ ಹೊಲಿಗೆ ಸೂಜಿ ಬಂತು. ಇದ್ದ ಹಾಗೇ ಹಾಕಿದರೆ ಸೂಜಿ ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತದೆ. ನೀಲಿ ಬಣ್ಣ ಬರುವಷ್ಟು ಕಾಯಿಸಿದರೆ ಸ್ಪ್ರಿಂಗ್‌ನ ಗುಣ ಬರುತ್ತದೆ, ನೀಲಿ ದಾಟಿ ಬೂದಿಗೆ ತಿರುಗಿದರೆ ಮೆತ್ತಗಾಗಿ ಬಾಗಿದಲ್ಲೇ ನಿಲ್ಲುತ್ತದೆ. ಹಿಂದಿನ ತುದಿಯನ್ನು ಮಾತ್ರ ಕೆಂಪಗೆ ಕಾಯಿಸಿ, ನಿಧಾನ ಆರಿಸಿ, ಸುತ್ತಿಗೆಯಿಂದ ಚಪ್ಪಟೆ ಮಾಡಿ ಕಂಬದ ತೂತಿಗೆ ಬಿಗಿಯಬೇಕು. ಎರಡು ಸೂಜಿ ಹಾಳಾದವು, ಮೂರನೆಯದು ನಿಂತಿತು.

ಮೂರೂವರೆಗೆ ಮೇಷ್ಟ್ರ ಶಿಷ್ಯೆ ಕೈಗೆ ವಾದ್ಯ ಕೊಟ್ಟು ಹೇಳಿದ್ದು ಇಷ್ಟು: “ಕೆಳಗಿನ ಬಿ ಫ್ಲಾಟ್ ಊದಿ ಮಗಾ, ಆದಷ್ಟು ಮೆಲ್ಲ. ಜೋರು ಊದಿದ್ರೆ ಸೋರುವ ವಾದ್ಯವೂ ನುಡೀತದೆ, ಅದರಲ್ಲಿ ಗೊತ್ತಾಗುದಿಲ್ಲ.” ಸ್ವರ ಬಂತು. ಉಸಿರಿನಷ್ಟೇ ಮೆಲ್ಲಗೆ ಬಂತು.

ಆ ಮೌತ್‌ಪೀಸ್‌ನ ನೆತ್ತಿಯಲ್ಲಿ ಮೇಷ್ಟ್ರ ಮೇಲು ಹಲ್ಲುಗಳ ಗುಳಿ ಇದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತು ಆದದ್ದು. ಅಂಥ ಕಡೆ ರಬ್ಬರ್ ತುಂಡು ಅಂಟಿಸುವುದು ವಾಡಿಕೆ. ಅಣ್ಣ ಇಡೀ ವಾದ್ಯ ಒರೆಸಿದರು, ಅದೊಂದನ್ನು ಮುಚ್ಚಲಿಲ್ಲ. ಶಿಷ್ಯೆಯ ಹಲ್ಲು ಅದೇ ಗುಳಿಯಲ್ಲಿ ಕೂತಿತು. ಅವಳು ಅತ್ತಳು. ಎಲ್ಲರೂ ಅತ್ತೆವು. ಮೇಷ್ಟ್ರೇ, ನೀವಿರಬೇಕಿತ್ತು. ಇಷ್ಟು ಬೇಗ ಹೋಗಬಾರದಿತ್ತು.

ಸಭಾಂಗಣ ಕೊಟ್ಟವರು, ಮೈಕ್ ನೋಡಿಕೊಂಡವರು, ಮೃದಂಗ ಮತ್ತು ಡ್ರಮ್ಸ್‌ನ ಇಬ್ಬರು, ರಾತ್ರಿ ಎರಡಕ್ಕೂ ಚಹಾ ಕಾಯಿಸಿದ ಅಕ್ಕ, ಸೂಜಿ ತಂದ ಅಮ್ಮ, ಮಳೆಯಲ್ಲೂ ಬಂದು ಕೊನೆಯವರೆಗೆ ಕೂತ ಎಲ್ಲರಿಗೂ ಮನಸಾರೆ ವಂದನೆಗಳು.

ಅಣ್ಣ, ಮೇಷ್ಟ್ರ ಶಿಷ್ಯೆ ಆಲ್ಟೊವನ್ನು ನೀವು ಹೇಳಿದ ಹಾಗೆ ಪ್ರತಿದಿನ ಪೆಟ್ಟಿಗೆಯಿಂದ ತೆಗೆದು ಅರ್ಧ ಗಂಟೆಯಾದರೂ ಊದುತ್ತಿದ್ದಾಳೆ. ಮುಗಿದ ಮೇಲೆ ಜಿ ಶಾರ್ಪ್ ಪ್ಯಾಡ್‌ನ ಕೆಳಗೆ ಕಾಗದವಿಟ್ಟು ತೇವ ಹೀರಿಸುತ್ತಾಳೆ. ನಿಮ್ಮ ಸ್ಪಿರಿಟ್ ದೀಪ ಇಲ್ಲೇ ಉಳಿದಿದೆ, ಭಾನುವಾರ ಬೆಳಿಗ್ಗೆ ಮನೆಗೆ ತಂದುಕೊಡುತ್ತೇವೆ.