ಸತ್ತವನನ್ನು ಎಬ್ಬಿಸಿದ ಮೇಲೆ

ಬಸವನಗುಡಿ, ಬೆಂಗಳೂರು

ಪ್ರಿಯ ಗೆಳೆಯ,

ಸ್ಟಾರ್ ವಾರ್ಸ್ ಎಂಬ ಬಾಹ್ಯಾಕಾಶ ಯುದ್ಧದ ಇಂಗ್ಲಿಷ್ ಚಿತ್ರಸರಣಿಯ ಮುಂದಿನ ಭಾಗಗಳು ನನಗೆ ಹಿಡಿಸಲಿಲ್ಲ ಎಂದಾಗ, ಶಾಂತಿ ನೆಲೆಸಿದ ಮೇಲೆ ಕಥೆ ಎಲ್ಲಿಂದ ಬರಬೇಕು, ಮತ್ತೆ ಯುದ್ಧವಾಗಲೇಬೇಕಲ್ಲ ಎಂದು ನೀನು ಮೊನ್ನೆ ಫೋನಿನಲ್ಲಿ ಕೇಳಿದೆ. ಆಗ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಆ ಸರಣಿಯ 1983ರ ಚಿತ್ರದ ಕೊನೆ ನಿನಗೆ ಬಾಯಿಪಾಠ. ಕೆಡುಕಿನ ಸಾಮ್ರಾಜ್ಯದ ಸೇವೆಗಿಳಿದ ತಂದೆ ಡಾರ್ತ್ ವೇಡರ್‌ನನ್ನು ಕೊಲ್ಲಲೊಲ್ಲದ ನಾಯಕ ಲ್ಯೂಕ್ ಆಯುಧವನ್ನೇ ಎಸೆದುಬಿಡುತ್ತಾನೆ. ಚಕ್ರವರ್ತಿ ಪ್ಯಾಲ್ಪಟೀನ್‌ನ ಬೆರಳುಗಳಿಂದ ಹೊರಟ ಮಿಂಚು ಅವನನ್ನು ನೆಲಕ್ಕೆ ಕೆಡವಿ ಸುಡುತ್ತದೆ. ಪಕ್ಕದಲ್ಲಿ ನಿಂತ ಡಾರ್ತ್ ವೇಡರ್‌ನ ಕಪ್ಪು ಮುಖವಾಡ ಒಮ್ಮೆ ಮಗನತ್ತ, ಒಮ್ಮೆ ಒಡೆಯನತ್ತ ತಿರುಗುತ್ತದೆ. ಕಣ್ಣಿಲ್ಲ, ತುಟಿಯಿಲ್ಲ, ಆದರೂ ಒಳಗಿನ ತಂದೆ ಎದ್ದು ಬರುವುದು ಕಾಣುತ್ತದೆ. (2011ರ ಬ್ಲೂ-ರೇ ಆವೃತ್ತಿಯಲ್ಲಿ ಅಲ್ಲಿಗೊಂದು ಕೂಗನ್ನು ತುರುಕಿದರು. ಆ ಮೌನವನ್ನು ಮುಟ್ಟಬಾರದಿತ್ತು.) ಮರುಕ್ಷಣ ಅವನು ಪ್ಯಾಲ್ಪಟೀನ್‌ನನ್ನು ಎತ್ತಿ ಪ್ರಪಾತಕ್ಕೆ ಎಸೆಯುತ್ತಾನೆ, ಅದಕ್ಕೆ ತನ್ನ ಪ್ರಾಣವನ್ನೇ ತೆರುತ್ತಾನೆ. 1977ರ ಮೊದಲ ಚಿತ್ರದಿಂದ ಕಥೆ ನಡೆದು ಬಂದದ್ದು ಅಲ್ಲಿಗೇ.

2019ರ ಚಿತ್ರದಲ್ಲಿ ಆ ಪ್ಯಾಲ್ಪಟೀನ್ ಮತ್ತೆ ಬದುಕಿ ಬಂದ. ಹೇಗೋ ಮರಳಿದ್ದಾನೆ ಎಂದು ಒಂದು ಪಾತ್ರ ಹೇಳುತ್ತದೆ, ಇನ್ನೊಂದು ಏನೋ ರಹಸ್ಯ ವಿದ್ಯೆಯಿರಬೇಕು ಎಂದು ಊಹಿಸುತ್ತದೆ, ಅಷ್ಟೇ. ಆ ಡಿಸೆಂಬರಿನಲ್ಲಿ ಮಲ್ಲೇಶ್ವರದಲ್ಲಿ ರಾತ್ರಿಯ ಆಟ ಮುಗಿಸಿ ಹೊರಬಂದಾಗ ನೀನೂ ಮಾತಾಡಿರಲಿಲ್ಲ, ನೆನಪಿದೆಯೇ? ವೇಡರ್‌ನ ಸಾವಿಗೆ ಅರ್ಥವೇ ಇಲ್ಲದಂತಾಯಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಆರಿಲ್ಲ.

ಇದರ ಸುಳಿವು 2015ರ ಚಿತ್ರದಲ್ಲೇ ಇತ್ತು. ಸಾಮ್ರಾಜ್ಯವನ್ನು ಉರುಳಿಸಿ ಅಷ್ಟು ಜನ ಪ್ರಾಣ ಕೊಟ್ಟು ತಂದ ಗಣರಾಜ್ಯದ ರಾಜಧಾನಿಯನ್ನು ಸರಿಯಾಗಿ ತೋರಿಸುವ ಮೊದಲೇ ಸುಟ್ಟರು. ಲ್ಯೂಕ್‌ನ ಸೋದರಿ ಲಿಯಾ ಮತ್ತು ಅವಳ ಸಂಗಾತಿ ಹಾನ್ ಬೇರೆಯಾಗಿದ್ದರು, ಹಾನ್ ಹಳೆಯ ಕಳ್ಳಸಾಗಣೆಗೇ ಮರಳಿದ್ದ. 2017ರ ಚಿತ್ರದಲ್ಲಿ ಲ್ಯೂಕ್ ಸೋತು ದ್ವೀಪ ಸೇರಿದ್ದನ್ನು ನಾನು ಒಪ್ಪುತ್ತೇನೆ. ವಯಸ್ಸಾದ ಮೇಲೆ ಯಾರಾದರೂ ಸೋಲಬಹುದು. ಆದರೆ ವೇಡರ್‌ನಂಥವನಲ್ಲೂ ಒಳ್ಳೆಯತನ ಕಂಡವನು ನಿದ್ದೆಯಲ್ಲಿದ್ದ ಸೋದರಳಿಯನ ಮೇಲೆ, ಕ್ಷಣಮಾತ್ರಕ್ಕಾದರೂ, ಆಯುಧ ಹಿರಿದನೆಂದರೆ ಹೇಗೆ ನಂಬಲಿ?

ಗೆಲುವಿನ ನಂತರದ ದುಃಖ ನಮಗೆ ಹೊಸದಲ್ಲ. ಕುಮಾರವ್ಯಾಸ ಹತ್ತು ಪರ್ವಗಳನ್ನು ಹಾಡಿ, ಧರ್ಮರಾಯನಿಗೆ ಪಟ್ಟ ಕಟ್ಟಿ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಮಹಾಭಾರತದ ಆ ಮುಂದಿನ ಭಾಗದಲ್ಲಿ ಸುಖವೆಲ್ಲಿದೆ? ಯಾದವರು ತಮ್ಮತಮ್ಮಲ್ಲೇ ಬಡಿದಾಡಿ ಸಾಯುತ್ತಾರೆ, ಬೇಡನ ಬಾಣಕ್ಕೆ ಕೃಷ್ಣನೂ ಹೋಗುತ್ತಾನೆ, ಗಾಂಡೀವವಿದ್ದೂ ಅರ್ಜುನ ಕಳ್ಳರ ಮುಂದೆ ಸೋಲುತ್ತಾನೆ. ಆದರೆ ತೊಡೆ ಮುರಿದು ಬಿದ್ದ ದುರ್ಯೋಧನ ಮತ್ತೆ ಗದೆ ಹಿಡಿದು ಬರುವುದಿಲ್ಲ. ಗೆದ್ದವರು ತೆರುವ ಬೆಲೆ ಹೆಚ್ಚುತ್ತಲೇ ಹೋಗುತ್ತದೆ, ಗೆದ್ದದ್ದು ಮಾತ್ರ ಸುಳ್ಳಾಗುವುದಿಲ್ಲ.

ಕಥೆ ಎಲ್ಲಿಂದ ಬರಬೇಕು ಎಂದೆಯಲ್ಲ. ಸಾಮ್ರಾಜ್ಯ ಬಿದ್ದ ಮೇಲೆ ಅದರ ಸೈನಿಕರನ್ನು ಏನು ಮಾಡುವುದು? ತನ್ನ ಊರನ್ನೇ ಸುಟ್ಟವನ ಜೊತೆ ಒಂದೇ ಸಭೆಯಲ್ಲಿ ಕೂರುವುದು ಹೇಗೆ? ವೇಡರ್‌ನ ಮಗನೆಂದು ತಿಳಿದ ಮೇಲೆ ಜನ ಲ್ಯೂಕ್‌ನ ಕೈಗೆ ತಮ್ಮ ಮಕ್ಕಳನ್ನು ಒಪ್ಪಿಸುತ್ತಿದ್ದರೇ? ಈ ಕೊನೆಯ ಪ್ರಶ್ನೆಯೊಂದರಲ್ಲೇ ಮೂರು ಚಿತ್ರಗಳಿಗಾಗುವಷ್ಟು ಕಥೆಯಿದೆ.

ರಜೆಯಲ್ಲಿ ಮಗಳಿಗೆ ಈ ಸರಣಿ ತೋರಿಸುತ್ತೇನೆ ಎಂದಿದ್ದೀಯ. 1983ರದ್ದು ಮುಗಿದ ಮೇಲೆ ಸದ್ಯಕ್ಕೆ ನಿಲ್ಲಿಸು. ಉಳಿದವನ್ನು ದೊಡ್ಡವಳಾದ ಮೇಲೆ ಅವಳೇ ನೋಡಿಕೊಳ್ಳಲಿ.

ಇಂತಿ,
ನಿನ್ನ ಗೆಳೆಯ