ಒರಟು ಜಾಝ್‌ಗೂ ಒಂದು ವೇದಿಕೆ ಕೊಡಿ

ಸಂಪಾದಕರಿಗೆ,

ಮುಂಬೈಯ ಹೋಟೆಲು, ಲಿಫ್ಟುಗಳಲ್ಲಿ ಜಾಝ್ ಹೆಸರಲ್ಲಿ ಕೇಳಿಸುವುದು ಬರೀ ನುಣುಪಾದ ಸ್ಯಾಕ್ಸೋಫೋನ್. ಯಾರೂ ಕಿವಿಗೊಡುವುದಿಲ್ಲ. ಆದರೆ 1978ರಲ್ಲಿ ಜಾಝ್ ಯಾತ್ರಾ ಎಂಬ ಸಂಗೀತೋತ್ಸವ ಶುರುವಾದದ್ದು ಇದೇ ಊರಲ್ಲಿ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಸಾನಿ ರೋಲಿನ್ಸ್ ಬಂದು ನುಡಿಸಿದ್ದರು. ಅದೇ ವಾದ್ಯದ ಇನ್ನೊಬ್ಬ ದಿಗ್ಗಜ ಜಾನ್ ಕೋಲ್ಟ್ರೇನ್ ತಮ್ಮ ಕೊನೆಯ ವರ್ಷಗಳಲ್ಲಿ ನುಡಿಸಿದ್ದನ್ನು ಕೇಳಿ. ಸ್ವರ ಒಡೆಯುತ್ತದೆ, ಚೀರುತ್ತದೆ. ಡ್ರಮ್ಸ್ ಸುಮ್ನೆ ತಾಳ ಹಾಕುತ್ತಾ ಕೂರುವುದಿಲ್ಲ, ಸ್ಯಾಕ್ಸೋಫೋನಿನ ಜೊತೆ ಜಗಳಕ್ಕೇ ಇಳಿಯುತ್ತದೆ. ಮೊದಮೊದಲು ಕಷ್ಟ, ನಿಜ. ಆದರೆ ಭೀಮಸೇನ ಜೋಶಿಯವರನ್ನು ಗಂಟೆಗಟ್ಟಲೆ ಕೂತು ಕೇಳಿದ ಇಲ್ಲಿನ ಕನ್ನಡಿಗರಿಗೆ ಇದೇನು ಜಾಸ್ತಿ ಅಲ್ಲ, ಅಲ್ವಾ? ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ಸಂಜೆಯಾದರೂ ಇಂಥ ಸಂಗೀತಕ್ಕೆ ಸಭಾಂಗಣ ಬಿಟ್ಟುಕೊಡಲಿ. ಊಟ, ಸನ್ಮಾನ, ಭಾಷಣ ಯಾವುದೂ ಬೇಡ. ವಾದಕರಿಗೆ ಪೂರ್ತಿ ಎರಡು ಗಂಟೆ ಕೊಡಿ.

– ಓದುಗ, ಮಾಟುಂಗಾ, ಮುಂಬೈ