'ಪೋಲೆ' ಅಂದವರಿಗೆಲ್ಲ

ತಾಂಜಾನಿಯಾಕ್ಕೆ ಬಂದು ನಿನ್ನೆಗೆ ಒಂದು ತಿಂಗಳಾಯಿತು. ಕಿಲಿಮಂಜಾರೋ ಬೆಟ್ಟದ ಬುಡದಲ್ಲಿ ಮೋಶಿ ಅಂತ ಊರು. ಅದರ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೇನೆ. ರಿಟೈರ್ ಆದ ಮೇಲೆ ಸುಮ್ನೆ ಮನೇಲಿ ಕೂರೋಕಾಗದೆ ಸ್ವಯಂಸೇವಕಿಯಾಗಿ ಬಂದವಳು ನಾನು. "ಹೇಗಿದ್ದೀರಿ ಟೀಚರ್?" ಅಂತ ತುಮಕೂರಿನಿಂದ ದಿನಾ ಕೇಳುತ್ತಿದ್ದೀರಿ. ಚೆನ್ನಾಗಿದ್ದೇನೆ. ಯಾರಿಂದ ಅನ್ನೋದನ್ನೂ ಹೇಳಿಬಿಡುತ್ತೇನೆ.

ಮೊದಲ ನಮಸ್ಕಾರ ಬಸ್ ಸ್ಟ್ಯಾಂಡಿನ ಆ ಕಂಡಕ್ಟರ್ ಹುಡುಗನಿಗೆ. ಇಲ್ಲಿ ಕಂಡಕ್ಟರಿಗೆ 'ಕೊಂಡಾ' ಅನ್ನುತ್ತಾರೆ, ಸಣ್ಣ ಬಸ್ಸಿಗೆ 'ದಲಾದಲಾ'. ಬಂದ ಮೂರನೇ ದಿನ. ನನ್ನ ಬಸ್ಸು 'ಸಾ ಎಂಬಿಲಿ'ಗೆ ಅಂದಿದ್ದರು. ಸಾ ಅಂದರೆ ಗಂಟೆ, ಎಂಬಿಲಿ ಅಂದರೆ ಎರಡು ಅಂತ ಕಲಿತುಕೊಂಡೇ ಬಂದಿದ್ದೆ. ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷ ಮುಂಚೆಯೇ ಹೋಗಿ ನಿಂತೆ. ಬಸ್ಸು ಬೆಳಗ್ಗೆ ಎಂಟಕ್ಕೇ ಹೋಗಿತ್ತು! ಸಮಭಾಜಕ ವೃತ್ತದ ಪಕ್ಕದ ಸೀಮೆ ಇದು. ವರ್ಷಪೂರ್ತಿ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬೆಳಗಾಗುತ್ತದೆ. ಇಲ್ಲಿನ ಭಾಷೆ ಸ್ವಾಹಿಲಿ, ಅದರ ಗಡಿಯಾರ ಬೆಳಗಾದಲ್ಲಿಂದಲೇ ಶುರು. ನಮ್ಮ ಏಳು ಗಂಟೆ ಇವರಿಗೆ ಒಂದು, ಎಂಟು ಅಂದರೆ ಎರಡು. ನಮ್ಮಜ್ಜಿ ಪಂಚಾಂಗ ಹಿಡಿದು ಹೊತ್ತು ಹುಟ್ಟಿದ್ದರಿಂದ ಗಳಿಗೆ ಎಣಿಸುತ್ತಿದ್ದಳು, ಆದರೂ ನನಗೆ ಹೊಳೆಯಲಿಲ್ಲ ನೋಡಿ. ಆ ಹುಡುಗ ನಗಲಿಲ್ಲ. ಬೆರಳು ಮಡಿಸಿ ಮಡಿಸಿ, ಆರು ಕಳೆಯೋದು ಹೇಗೆ ಅಂತ ಈ ಲೆಕ್ಕದ ಟೀಚರಿಗೆ ಹೇಳಿಕೊಟ್ಟ.

ನಾನು ಬಂದಿದ್ದು ಮಾರ್ಚ್‌ನಲ್ಲಿ. 'ಮಸಿಕಾ' ಅನ್ನುವ ದೊಡ್ಡ ಮಳೆ ಆಗತಾನೇ ಹಿಡಿದಿತ್ತು. ಸ್ಕೂಲಿನ ಗೇಟಿನಲ್ಲೇ ಜಾರಿ ಬಿದ್ದೆ. ಸೀರೆಯೆಲ್ಲ ಕೆಸರು. ಸುತ್ತಲಿದ್ದ ಮಕ್ಕಳೆಲ್ಲ ಒಟ್ಟಿಗೆ "ಪೋಲೆ, ಮ್ವಲಿಮು!" ಅಂದರು. ಮ್ವಲಿಮು ಅಂದರೆ ಟೀಚರ್, ಅದು ಗೊತ್ತಿತ್ತು. ಇನ್ನೊಂದು ನನ್ನ ಕಿವಿಗೆ 'ಪೋಲಿ' ಅಂತಲೇ ಕೇಳಿಸಿತು. ಕೋಪ ಬಂತು, ಸುಳ್ಳೇಕೆ? ಆಮೇಲೆ ಗೊತ್ತಾಯಿತು, ಪೋಲೆ ಅಂದರೆ 'ಅಯ್ಯೋ ಪಾಪ'. ಎಡವಿದರೆ ಪೋಲೆ, ಜ್ವರ ಬಂದರೆ ಪೋಲೆ, ಕೆಲಸ ಮಾಡಿ ಸುಸ್ತಾಗಿ ಬಂದರೂ ಪೋಲೆ. ನನ್ನನ್ನು ಎಬ್ಬಿಸಿ, ಬ್ಯಾಗು ತೊಳೆದು ಕೊಟ್ಟ ಆ ಮಕ್ಕಳ ಕೆಲಸ ದೊಡ್ಡದು. ಅವರ ಮೇಲೆ ಕಣ್ಣು ಕೆಂಪು ಮಾಡಿದ್ದಕ್ಕೆ ನನಗಿನ್ನೂ ನಾಚಿಕೆ.

ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಏಳನೇ ಕ್ಲಾಸಿನವರೆಗೆ ಪಾಠ ಸ್ವಾಹಿಲಿಯಲ್ಲಿ. ಹೈಸ್ಕೂಲಿಗೆ ಬಂದ ಕೂಡಲೇ ಎಲ್ಲ ಇಂಗ್ಲಿಷ್. ಮೊದಲ ದಿನ ನಾನು ಇಂಗ್ಲಿಷಿನಲ್ಲಿ ಭಿನ್ನರಾಶಿ ಹೇಳುತ್ತಿದ್ದರೆ ನಲವತ್ತೂ ಮುಖ ಪಿಳಿಪಿಳಿ. ಕನ್ನಡ ಮೀಡಿಯಂನಿಂದ ಪಿಯುಸಿ ಸೈನ್ಸಿಗೆ ಹೋದಾಗ ನಾನೂ ಹೀಗೇ ಕೂತಿದ್ದೆನಲ್ಲ! ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ "ಗವಾನ್ಯಾ" ಅಂದಳು. ಭಾಗಿಸು ಅಂತ. ಆಮೇಲೆ 'ಜಿದಿಷಾ', ಗುಣಿಸು. ಈಗ ಬೋರ್ಡಿನಲ್ಲಿ ಎರಡೂ ಭಾಷೆ ಬರೆಯುತ್ತೇನೆ. ನಿಯಮದ ಪ್ರಕಾರ ಇದು ಸರಿಯಲ್ಲ. ನೋಡಿಯೂ ನೋಡದ ಹಾಗೆ ಹೋಗುವ ಜೊತೆಯ ಟೀಚರುಗಳಿಗೆ ದೊಡ್ಡ ನಮಸ್ಕಾರ.

ಹನ್ನೊಂದನೇ ದಿನ ಬೆಳಕು ಹರಿಯುವಾಗ ಬಾಗಿಲು ತಟ್ಟಿ, ಮೋಡ ಸರಿದಿದೆ ಬಾ ಅಂತ ಕರೆದ ವಾಚ್‌ಮನ್‌ಗೂ. 5,895 ಮೀಟರಿನ ಬೆಟ್ಟ ಅಷ್ಟು ದಿನ ಎದುರಿಗೇ ಇದ್ದು ಕಂಡಿರಲಿಲ್ಲ. ವೀಸಾ, ಸೂಜಿಮದ್ದು ಅಂತ ಓಡಾಡಿದ ಮಗಳಿಗೆ, ಬೇಡವೆಂದರೂ ಎರಡು ಕೆಜಿ ಹುಳಿಪುಡಿ ತುಂಬಿದ ಅತ್ತಿಗೆಗೆ ಕೂಡ. ಪುಡಿ ಆಗಲೇ ಅರ್ಧ ಖಾಲಿ.

ಕೊನೆಗೆ ಪಕ್ಕದ ಮನೆಯ ಮಾಮಾ. ಮಾಮಾ ಅಂದರೆ ಇಲ್ಲಿ ಅಮ್ಮ. ದಾದಾ ಅಂದರೆ ಅಕ್ಕ, ಕಾಕಾ ಅಂದರೆ ಅಣ್ಣ. ಈ ನೆಂಟಸ್ತಿಕೆ ತಲೆಗೆ ಹತ್ತೋಕೆ ಎರಡು ವಾರ ಬೇಕಾಯಿತು. ಮೊದಲ ವಾರವೆಲ್ಲ ನನಗೆ ಊಟ ಅವರ ಮನೆಯದೇ: ಜೋಳದ ಹಿಟ್ಟಿನ 'ಉಗಾಲಿ', ಜೊತೆಗೆ ದಂಟಿನ ಸೊಪ್ಪಿನ ಪಲ್ಯ. ಮುಸುಕಿನ ಜೋಳ ಅನ್ನೋದು ಬಿಟ್ಟರೆ ಕೋಲಿನಲ್ಲಿ ತೊಳಸೋದು, ಬೆರಳಿನಲ್ಲಿ ಮುರಿಯೋದು ಎಲ್ಲ ನಮ್ಮ ಮುದ್ದೆಯ ಹಾಗೇ. ಸಂತೆಯಲ್ಲಿ 'ಉಲೇಜಿ' ತೋರಿಸಿದವರೂ ಅವರೇ. ನೋಡಿದರೆ ರಾಗಿ! ಅದರ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ನಾವು ನಮ್ಮದು ಅಂದುಕೊಂಡಿದ್ದೇವೆ. ಇವರು ಅದರಲ್ಲಿ ಗಂಜಿ ಮಾಡುತ್ತಾರೆ, ಬಾಳೆಹಣ್ಣಿನ ಜೊತೆ ಸೇರಿಸಿ ಹೆಂಡವನ್ನೂ ಮಾಡುತ್ತಾರೆ.

ಹೋದ ಭಾನುವಾರ ಮುದ್ದೆ ಕಟ್ಟಿ, ಸೊಪ್ಪಿನ ಸಾರು ಮಾಡಿ ಮಾಮಾನ ಕರೆದೆ. ನಾನು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ಗುಳುಕ್ಕನೆ ನುಂಗಿದೆ. ಮಾಮಾ ಗಾಬರಿಯಿಂದ ಎದ್ದು ಬಂದು ಬೆನ್ನು ಸವರಿದರು.

"ಪೋಲೆ, ಮ್ವಲಿಮು. ಪೋಲೆ ಸಾನಾ."